ಹಾಡು ಎಲ್ಲರ ಬಾಯಲ್ಲಿ, ಹೆಸರು ಎಲ್ಲಿ? ಫ್ಯಾನಿ ಕ್ರಾಸ್ಬಿ ಮತ್ತು ಅವರ ಹಾಡುಗಳು ಅಚ್ಚಾದ ಕಥೆ

ಆಲ್ಟೋಸಾಲು:

ಎಲ್ಲರಿಗೂ ವಂದನೆ. ನಮ್ಮದು ಕರಾವಳಿಯ ಒಂದು ಸಣ್ಣ ಕ್ರೈಸ್ತ ಸಭೆ. ಸ್ತ್ರೀಯರ ಕೂಟದಲ್ಲಿ ಹಾಡುವವರು ಹದಿನಾಲ್ಕು ಜನ. ಅವರಲ್ಲಿ ಅರ್ಧದಷ್ಟು ಮಂದಿಗೆ ಹಳೆಯ ಸಂಗೀತ ಪುಸ್ತಕದ ಸಣ್ಣ ಅಕ್ಷರ ಈಗ ಕಾಣಿಸುವುದಿಲ್ಲ. ಹೆಚ್ಚಾಗಿ ಹಾಡುವ ಹನ್ನೆರಡು ಹಾಡುಗಳನ್ನಾದರೂ ದೊಡ್ಡ ಅಕ್ಷರದಲ್ಲಿ ಟೈಪ್ ಮಾಡಿ ಪುಸ್ತಿಕೆ ಮಾಡಿಕೊಡೋಣವೆಂದು ಕುಳಿತೆ.

ನನ್ನ ಕೈಯಲ್ಲಿರುವ ಪ್ರತಿ ಅಜ್ಜಿಯದು. ರಟ್ಟು ಹೋಗಿದೆ, ಬೆನ್ನಿಗೆ ಹಳೆಯ ಸೀರೆಯ ತುಂಡು ಅಂಟಿಸಿದ್ದಾರೆ, ಅಂಚುಗಳಲ್ಲಿ ಪೆನ್ಸಿಲ್ ಗುರುತುಗಳು. ಪ್ರತಿ ಹಾಡಿನ ನೆತ್ತಿಯಲ್ಲಿ, ರಾಗ ತಿಳಿಯಲೆಂದು, ಇಂಗ್ಲಿಷ್ ಹಾಡಿನ ಮೊದಲ ಸಾಲು ಇದೆ. ಬರೆದವರ ಹೆಸರಿಲ್ಲ. ಕನ್ನಡಕ್ಕೆ ತಂದವರ ಹೆಸರೂ ಇಲ್ಲ. ಆ ಸಾಲುಗಳನ್ನೇ ಹಿಡಿದು ಹುಡುಕುತ್ತಾ ಹೋದರೆ ಹನ್ನೆರಡರಲ್ಲಿ ನಾಲ್ಕು ಹಾಡು ಒಬ್ಬರೇ ಹೆಂಗಸಿನವು ಎಂದು ತಿಳಿಯಿತು: ‘ಬ್ಲೆಸ್ಡ್ ಅಶ್ಯೂರೆನ್ಸ್’, ‘ಸೇಫ್ ಇನ್ ದಿ ಆರ್ಮ್ಸ್ ಆಫ್ ಜೀಸಸ್’, ‘ಪಾಸ್ ಮಿ ನಾಟ್’, ‘ರೆಸ್ಕ್ಯೂ ದಿ ಪೆರಿಶಿಂಗ್’. ನಲವತ್ತು ವರ್ಷ ಹಾಡಿದ್ದೇನೆ. ಇವು ಒಂದೇ ಮನಸ್ಸಿನಿಂದ ಬಂದವು ಎಂದು ಒಮ್ಮೆಯೂ ಹೊಳೆದಿರಲಿಲ್ಲ.

ಅವರು ಫ್ಯಾನಿ ಕ್ರಾಸ್ಬಿ. ಹುಟ್ಟಿದ್ದು 1820ರ ಮಾರ್ಚ್ 24ರಂದು, ನ್ಯೂಯಾರ್ಕ್ ರಾಜ್ಯದ ಪಟ್ನಮ್ ಕೌಂಟಿಯ ಒಂದು ಹಳ್ಳಿಯಲ್ಲಿ. ತೀರಿಕೊಂಡದ್ದು 1915ರ ಫೆಬ್ರವರಿ 12ರಂದು, ಕನೆಕ್ಟಿಕಟ್‌ನ ಬ್ರಿಜ್‌ಪೋರ್ಟ್‌ನಲ್ಲಿ. ಹಸುಗೂಸಾಗಿದ್ದಾಗಿನಿಂದಲೂ ದೃಷ್ಟಿ ಇರಲಿಲ್ಲ. ಬರೆದ ಹಾಡುಗಳು ಎಂಟು ಸಾವಿರಕ್ಕೂ ಹೆಚ್ಚು ಎನ್ನುತ್ತಾರೆ.

ಪುಸ್ತಿಕೆಯಲ್ಲಿ ಹಾಡಿನ ಕೆಳಗೆ ಅವರ ಹೆಸರು ಹಾಕೋಣ ಎಂದಾಗ ಕೂಟದ ಹಿರಿಯರೊಬ್ಬರು, ‘ದೇವರಿಗೆ ಒಪ್ಪಿಸಿದ ಹಾಡಿಗೆ ಮನುಷ್ಯರ ಹೆಸರು ಯಾತಕ್ಕಮ್ಮ?’ ಎಂದರು. ಒಳ್ಳೆಯ ಮನಸ್ಸಿನಿಂದಲೇ ಕೇಳಿದರು. ಆದರೆ ನನಗೆ ಅಂದು ರಾತ್ರಿ ನಿದ್ದೆ ಬರಲಿಲ್ಲ. ಈ ಹಾಡುಗಳು ಅಚ್ಚಾದದ್ದು ಹೇಗೆ, ಹೆಸರು ಬಿಟ್ಟುಹೋದದ್ದು ಎಲ್ಲಿ ಎಂದು ಬಲ್ಲವರು ಹೇಳಿ.

ಅಚ್ಚುಮೊಳೆ:

ಅಕ್ಕ, ನಾನು ಅಚ್ಚುಕೂಟದ ಮನೆಯಲ್ಲಿ ಬೆಳೆದವನು. ಅಪ್ಪ ಮೊಳೆ ಜೋಡಿಸುತ್ತಿದ್ದರು. ಈ ಕಥೆಯನ್ನು ವ್ಯಾಪಾರದ ಕಡೆಯಿಂದ ನೋಡಬೇಕು, ಆಗ ಅರ್ಥವಾಗುತ್ತದೆ.

1860ರ ದಶಕದ ಅಮೆರಿಕದಲ್ಲಿ ಸಂಡೇ ಸ್ಕೂಲ್, ಅಂದರೆ ಮಕ್ಕಳಿಗೆ ಭಾನುವಾರ ನಡೆಯುವ ಬೈಬಲ್ ಪಾಠಶಾಲೆ, ದೊಡ್ಡ ಚಳವಳಿ. ಪ್ರತಿ ಶಾಲೆಗೂ ಮಕ್ಕಳ ಕೈಗೆ ಹಾಡಿನ ಪುಸ್ತಕ ಬೇಕು. ಅಡ್ಡ ಆಕಾರದ ಸಣ್ಣ ಪುಸ್ತಕ, ಕಡಿಮೆ ಬೆಲೆ, ರಟ್ಟಿನ ಹೊದಿಕೆ. ಒಂದು ಪುಸ್ತಕದ ಹಾಡುಗಳು ಹಳತಾದರೆ ಮುಂದಿನದು ಸಿದ್ಧವಿರಬೇಕು. ಈ ಮಾರುಕಟ್ಟೆಯನ್ನು ಚೆನ್ನಾಗಿ ಅರಿತವರು ವಿಲಿಯಂ ಬ್ರಾಡ್‌ಬರಿ. ರಾಗ ಹಾಕುತ್ತಿದ್ದರು, ಪಿಯಾನೋ ತಯಾರಿಸುತ್ತಿದ್ದರು, ಪುಸ್ತಕ ಪ್ರಕಟಿಸುತ್ತಿದ್ದರು. ಅವರಿಗೆ ರಾಗಕ್ಕೆ ಕೊರತೆ ಇರಲಿಲ್ಲ. ರಾಗಕ್ಕೆ ಕೂರುವ ಪದ ಸಿಗುತ್ತಿರಲಿಲ್ಲ.

1864ರಲ್ಲಿ ಫ್ಯಾನಿ ಕ್ರಾಸ್ಬಿ ಅವರನ್ನು ಭೇಟಿಯಾದರು. ಆಗ ಫ್ಯಾನಿ ಅವರಿಗೆ ನಲವತ್ನಾಲ್ಕರ ಹತ್ತಿರ ವಯಸ್ಸು. ಇದನ್ನು ಗಮನಿಸಿ. ಭಕ್ತಿಗೀತೆಯ ಬಾಳು ಶುರುವಾಗುವ ಹೊತ್ತಿಗೆ ಅವರು ಎರಡು ದಶಕದಿಂದ ಕವಯಿತ್ರಿ. 1844, 1851, 1858ರಲ್ಲಿ ಮೂರು ಕವನ ಸಂಕಲನಗಳು ಬಂದಿದ್ದವು, ಅವುಗಳ ಮೇಲೆ ಅವರ ಹೆಸರೇ ಇತ್ತು. ಬ್ರಾಡ್‌ಬರಿ 1868ರ ಜನವರಿಯಲ್ಲಿ ತೀರಿಕೊಂಡರು. ಅವರ ಸಂಸ್ಥೆ ಬಿಗ್ಲೋ ಅಂಡ್ ಮೇನ್ ಎಂಬ ಹೆಸರಿನಲ್ಲಿ ಮುಂದುವರಿಯಿತು. ವಾರಕ್ಕೆ ಮೂರು ಹಾಡು ಕೊಡಬೇಕೆಂಬ ಕರಾರು. ಒಂದು ಹಾಡಿಗೆ ಒಂದೆರಡು ಡಾಲರ್. ಕೊಟ್ಟ ಮೇಲೆ ಹಾಡಿನ ಹಕ್ಕು ಪೂರ್ತಿ ಪ್ರಕಾಶಕರದು ಅಥವಾ ರಾಗ ಹಾಕಿದವರದು. ಪುಸ್ತಕ ಎಷ್ಟು ಲಕ್ಷ ಮಾರಾಟವಾದರೂ ಪದ ಬರೆದವರಿಗೆ ಮತ್ತೆ ಪಾಲಿಲ್ಲ.

ಆ ಒಂದು ಸಂಸ್ಥೆಗೇ ಅವರು ಕೊಟ್ಟ ಹಾಡುಗಳ ಲೆಕ್ಕ 5,959 ಎಂದು ದಾಖಲಾಗಿದೆ.

ಬೆರಳಕಣ್ಣು:

ನಾನು ದೃಷ್ಟಿ ಇಲ್ಲದ ಮಕ್ಕಳಿಗೆ ಪಾಠ ಹೇಳುತ್ತೇನೆ. ನನಗೂ ದೃಷ್ಟಿ ಇಲ್ಲ. ಈ ಚರ್ಚೆಯನ್ನು ಮೊಬೈಲ್ ಓದಿ ಹೇಳುತ್ತಿದೆ, ನಾನು ಕೇಳಿ ಬರೆಯುತ್ತಿದ್ದೇನೆ. ಒಂದು ಮಾತು ಸೇರಿಸಬೇಕು.

ಎಲ್ಲ ಕಡೆಯೂ ಕಥೆ ಹೀಗೆ ಶುರುವಾಗುತ್ತದೆ: ಆರು ವಾರದ ಮಗುವಿಗೆ ಕಣ್ಣು ಕೆಂಪಾಯಿತು, ವೈದ್ಯನೆಂದು ಹೇಳಿಕೊಂಡವನು ಸಾಸಿವೆಯ ಬಿಸಿ ಲೇಪ ಹಾಕಿದ, ಕಣ್ಣು ಹೋಯಿತು. ಮನೆಯವರು ನಂಬಿದ್ದು ಹಾಗೆ. ಹುಟ್ಟಿನಿಂದಲೇ ದೃಷ್ಟಿ ಇರಲಿಲ್ಲವೇನೋ ಎಂದು ಈಗಿನ ವೈದ್ಯರು ಹೇಳುತ್ತಾರೆ. ಓದುವವರು ಅಲ್ಲಿ ಕಣ್ಣೀರು ಹಾಕಿ ಮುಂದೆ ಹೋಗುತ್ತಾರೆ. ನನಗೆ ಮುಖ್ಯವೆನಿಸುವುದು ಆ ಮೇಲಿನ ಭಾಗ.

ಅಜ್ಜಿ ಮತ್ತು ಮನೆಯೊಡತಿ ಇಬ್ಬರೂ ಸೇರಿ ಹುಡುಗಿಗೆ ಬೈಬಲ್ ಬಾಯಿಪಾಠ ಮಾಡಿಸಿದರು. ಹದಿನೈದರ ಹೊತ್ತಿಗೆ ನಾಲ್ಕು ಸುವಾರ್ತೆಗಳು, ಮೋಶೆಯ ಐದು ಗ್ರಂಥಗಳು, ಜ್ಞಾನೋಕ್ತಿಗಳು, ಎಷ್ಟೋ ಕೀರ್ತನೆಗಳು ಕಂಠಸ್ಥ. 1835ರಲ್ಲಿ ನ್ಯೂಯಾರ್ಕಿನ ಅಂಧರ ಶಾಲೆಗೆ ಸೇರಿದರು. ಆ ಶಾಲೆ ಶುರುವಾಗಿ ಆಗ ಕೆಲವೇ ವರ್ಷ. ಮುಂದೆ ಅಲ್ಲಿಯೇ ಶಿಕ್ಷಕಿಯಾದರು. 1850ರ ದಶಕದಲ್ಲಿ ಅದೇ ಶಾಲೆಯಲ್ಲಿ ಗುಮಾಸ್ತನಾಗಿದ್ದ ಹದಿನೇಳರ ಹುಡುಗನೊಬ್ಬ ಇವರು ಹೇಳಿದ ಪದ್ಯಗಳನ್ನು ಬರೆದುಕೊಡುತ್ತಿದ್ದ. ಹೆಸರು ಗ್ರೋವರ್ ಕ್ಲೀವ್‌ಲ್ಯಾಂಡ್. ಮುಂದೆ ಎರಡು ಸಲ ಅಮೆರಿಕದ ಅಧ್ಯಕ್ಷರಾದರು.

ಅವರು ಹಾಡು ಕಟ್ಟುವ ರೀತಿಯನ್ನು ನೋಡಿ. ಕೈಯಲ್ಲಿ ಒಂದು ಸಣ್ಣ ಪುಸ್ತಕ ಹಿಡಿದುಕೊಳ್ಳುತ್ತಿದ್ದರು. ಓದುವುದಕ್ಕಲ್ಲ. ಕೈಯಲ್ಲಿ ಪುಸ್ತಕವಿದ್ದರೆ ಪದ ಬರುತ್ತಿತ್ತು, ಅಷ್ಟೇ. ಪೂರ್ತಿ ಹಾಡು ಮನಸ್ಸಿನಲ್ಲಿಯೇ ಮುಗಿಯುತ್ತಿತ್ತು. ತಿದ್ದುವುದೂ ಅಲ್ಲಿಯೇ. ಒಂದು ಮುಗಿದರೆ ಅದನ್ನು ಒಳಗೆ ಒಂದು ಕಡೆ ಇಟ್ಟು ಇನ್ನೊಂದು. ಹೀಗೆ ಎಷ್ಟೋ ಹಾಡುಗಳು ಕೂಡಿದ ಮೇಲೆ ಯಾರನ್ನಾದರೂ ಕೂರಿಸಿ ಹೇಳಿ ಬರೆಸುತ್ತಿದ್ದರು.

ಅಂದರೆ ಹಾಡು ಕಾಗದಕ್ಕೆ ಇಳಿಯುವ ಕ್ಷಣದಿಂದಲೇ ಅದು ಇನ್ನೊಬ್ಬರ ಕೈಬರಹ. ಕರಾರಿನ ಕಾಗದವೂ ಇನ್ನೊಬ್ಬರು ಓದಿ ಹೇಳಿದ್ದು. ಅಚ್ಚಾದ ಪುಟದಲ್ಲಿ ಯಾರ ಹೆಸರಿದೆ ಎಂಬುದನ್ನೂ ಇನ್ನೊಬ್ಬರೇ ಓದಿ ಹೇಳಬೇಕು. ನನ್ನ ಸಂಬಳದ ಚೀಟಿಯನ್ನು ಇಪ್ಪತ್ತು ವರ್ಷ ಬೇರೆಯವರಿಂದ ಓದಿಸಿಕೊಂಡವನು ನಾನು. ಆ ನಂಬಿಕೆಗೆ ಎಷ್ಟು ಬೆಲೆ ಎಂದು ನನಗೆ ಗೊತ್ತಿದೆ.

ಆಲ್ಟೋಸಾಲು:

ಗುರುಗಳೇ, ಇದನ್ನು ಓದಿ ತುಂಬಾ ಹೊತ್ತು ಸುಮ್ಮನೆ ಕುಳಿತಿದ್ದೆ. ಕೈಯಲ್ಲಿ ಪುಸ್ತಕ ಹಿಡಿದುಕೊಳ್ಳುವ ಮಾತು ನನ್ನ ಅಜ್ಜಿಯನ್ನು ನೆನಪಿಸಿತು. ಕೊನೆಯ ವರ್ಷಗಳಲ್ಲಿ ಅವರಿಗೂ ಅಕ್ಷರ ಕಾಣುತ್ತಿರಲಿಲ್ಲ. ಹಾಡೆಲ್ಲ ಬಾಯಿಪಾಠ. ಆದರೂ ಆರಾಧನೆಗೆ ಹೊರಡುವಾಗ ಪುಸ್ತಕ ಬೇಕೇ ಬೇಕು, ಹಾಡುವಾಗ ಎದೆಯ ಮಟ್ಟಕ್ಕೆ ತೆರೆದು ಹಿಡಿಯುತ್ತಿದ್ದರು. ಈ ಪ್ರತಿಯಲ್ಲಿ ಹೆಬ್ಬೆರಳು ತಾಗಿ ಸವೆದ ಜಾಗ ಈಗಲೂ ಕಾಣುತ್ತದೆ.

ಛಂದೋಪ್ರಿಯ:

ಎಲ್ಲರೂ ಗೌರವದಿಂದ ಮಾತನಾಡುತ್ತಿದ್ದೀರಿ. ನನಗೂ ಗೌರವವಿದೆ. ಆದರೆ ಕಾವ್ಯದ ಕಡೆಯಿಂದ ಒಂದು ಮಾತನ್ನು ಯಾರಾದರೂ ಹೇಳಲೇಬೇಕು. ಎಂಟು ಸಾವಿರ ಹಾಡಿನಲ್ಲಿ ಬಹುಪಾಲು ಸಾಧಾರಣ. ಅದೇ ಶಿಲುಬೆ, ಅದೇ ನದಿಯ ಆಚೆಯ ದಡ, ಅದೇ ಪ್ರಾಸ. ವಾರಕ್ಕೆ ಮೂರು ಬರೆಯಬೇಕೆಂದರೆ ಯಾವ ಕವಿಗಾದರೂ ಇದೇ ಗತಿ. ಅವರ ಕಾಲದ ವಿಮರ್ಶಕರೂ ಈ ಹಾಡುಗಳಲ್ಲಿ ಭಾವುಕತೆ ಹೆಚ್ಚು ಎಂದಿದ್ದರು. ಆ ಮಾತಿನಲ್ಲಿ ಸತ್ಯವಿದೆ.

ಹಾಗಿದ್ದೂ ಒಂದು ಕೌಶಲ ಅವರಲ್ಲಿತ್ತು, ಅದು ಸಾಮಾನ್ಯವಾದುದಲ್ಲ. ಕಿವಿ. 1868ರ ಏಪ್ರಿಲ್ ಕೊನೆಯ ಒಂದು ದಿನ ವಿಲಿಯಂ ಹೊವಾರ್ಡ್ ಡೋನ್ ಎಂಬುವವರು ಫ್ಯಾನಿ ಅವರ ಮನೆಗೆ ಬಂದರು. ಡೋನ್ ಸಿನ್ಸಿನ್ನಾಟಿಯಲ್ಲಿ ಮರಗೆಲಸದ ಯಂತ್ರ ತಯಾರಿಸುವ ಕಾರ್ಖಾನೆಯ ಒಡೆಯರು, ಬಿಡುವಿನಲ್ಲಿ ರಾಗ ಹಾಕುತ್ತಿದ್ದವರು. ರೈಲಿಗೆ ಇನ್ನು ನಲವತ್ತು ನಿಮಿಷ ಇದೆ, ಈ ರಾಗಕ್ಕೆ ಪದ ಬೇಕು ಎಂದು ನುಡಿಸಿ ತೋರಿಸಿದರು. ಇವರು ಕೇಳಿದವರೇ, ‘ಸೇಫ್ ಇನ್ ದಿ ಆರ್ಮ್ಸ್ ಆಫ್ ಜೀಸಸ್’ ಎಂದು ನಿಮ್ಮ ರಾಗವೇ ಹೇಳುತ್ತಿದೆಯಲ್ಲ ಎಂದರಂತೆ. ಒಳಗಿನ ಕೋಣೆಗೆ ಹೋಗಿ ಬಂದು ಪೂರ್ತಿ ಹಾಡನ್ನು ಹೇಳಿ ಬರೆಸಿದರು. ಡೋನ್ ರೈಲು ಹಿಡಿದರು.

‘ಬ್ಲೆಸ್ಡ್ ಅಶ್ಯೂರೆನ್ಸ್’ ಕೂಡ ಹಾಗೆಯೇ. 1873ರಲ್ಲಿ ಗೆಳತಿ ಫೀಬಿ ನ್ಯಾಪ್ ತಾವೇ ಕಟ್ಟಿದ ರಾಗವನ್ನು ನುಡಿಸಿ, ಇದು ಏನು ಹೇಳುತ್ತಿದೆ ಎಂದು ಕೇಳಿದರು. ಉತ್ತರವೇ ಹಾಡಾಯಿತು. ನಮ್ಮ ಸಿನಿಮಾ ಹಾಡುಗಳಲ್ಲಿ ಟ್ಯೂನ್ ಮೊದಲು, ಸಾಹಿತ್ಯ ಆಮೇಲೆ ಎಂಬ ಪದ್ಧತಿ ಇದೆಯಲ್ಲ, ಅದೇ ಕೆಲಸ. ಮಾಡಿ ನೋಡಿದವರಿಗೆ ಗೊತ್ತು ಎಷ್ಟು ಕಷ್ಟವೆಂದು. ರಾಗ ಎಲ್ಲಿ ಉಸಿರು ತೆಗೆದುಕೊಳ್ಳುತ್ತದೆಯೋ ಅಲ್ಲಿಯೇ ಅರ್ಥವೂ ನಿಲ್ಲಬೇಕು. ಇವರ ಒಳ್ಳೆಯ ಹಾಡುಗಳಲ್ಲಿ ಒಂದು ಉಸಿರೂ ತಪ್ಪುವುದಿಲ್ಲ. ಓದಿದಾಗ ಸಪ್ಪೆ ಎನ್ನಿಸಿದ ಸಾಲು ಹಾಡಿದಾಗ ನಿಮ್ಮನ್ನು ಹಿಡಿದು ನಿಲ್ಲಿಸುತ್ತದೆ. ಆದ್ದರಿಂದ ಇವನ್ನು ಕಾಗದದ ಮೇಲೆ ಇಟ್ಟು ತೂಗುವುದು ತಪ್ಪು ತಕ್ಕಡಿ ಎಂದು ಈಗ ನನಗೇ ಅನಿಸುತ್ತದೆ.

ಹಳೆಪುಟ:

ಹೆಸರಿನ ವಿಷಯಕ್ಕೆ ಬರೋಣ. ಇಲ್ಲಿಯವರೆಗೆ ಯಾರೂ ಹೇಳದ ಸಂಗತಿ: ಹೆಸರು ಬಿಟ್ಟುಹೋದದ್ದು ಕನ್ನಡ ಪುಸ್ತಕದಲ್ಲಿ ಮಾತ್ರವಲ್ಲ. ಅಮೆರಿಕದಲ್ಲಿಯೇ, ಅವರ ಕಣ್ಣೆದುರಿಗೆ ಎನ್ನಬಾರದು, ಅವರು ಬದುಕಿದ್ದಾಗಲೇ ಆಯಿತು.

ಒಂದೇ ಪುಸ್ತಕದಲ್ಲಿ ಪುಟ ಪುಟಕ್ಕೂ ಒಬ್ಬರದೇ ಹೆಸರು ಕಂಡರೆ ಕೊಳ್ಳುವವರು ಏನೆಂದುಕೊಂಡಾರು ಎಂಬ ಚಿಂತೆ ಪ್ರಕಾಶಕರಿಗೆ. ಹಾಗಾಗಿ ಒಂದು ಹಾಡಿಗೆ ‘ಎಲ್ಲಾ ಡೇಲ್’ ಎಂಬ ಹೆಸರು, ಇನ್ನೊಂದಕ್ಕೆ ಲಿಜ್ಜಿ ಎಡ್ವರ್ಡ್ಸ್, ಮತ್ತೊಂದಕ್ಕೆ ಹೆನ್ರಿಯೆಟಾ ಬ್ಲೇರ್, ಗ್ರೇಸ್ ಜೆ. ಫ್ರಾನ್ಸಿಸ್, ಜೂಲಿಯಾ ಸ್ಟರ್ಲಿಂಗ್. ಗಂಡಸರ ಹೆಸರುಗಳೂ ಇದ್ದವು. ಕೆಲವು ಕಡೆ ಬರಿಯ ಒಂದೆರಡು ಅಕ್ಷರ. ಹೀಗೆ ಸುಮಾರು ಇನ್ನೂರು ಹೆಸರು. 1858ರಲ್ಲಿ ಮದುವೆಯಾದ ಮೇಲೆ ಗಂಡನ ಮನೆತನದ ಹೆಸರು ಸೇರಿಸಿ ‘ಮಿಸೆಸ್ ವ್ಯಾನ್ ಆಲ್ಸ್ಟೈನ್’ ಎಂದೂ ಕೆಲವು ಹಾಡು ಅಚ್ಚಾದವು. ಗಂಡನೂ ದೃಷ್ಟಿ ಇಲ್ಲದ ಸಂಗೀತಗಾರ, ಅಂಧರ ಶಾಲೆಯ ಶಿಕ್ಷಕ. ಒಂದೇ ಮಗು, ಅದೂ ಶಿಶುವಾಗಿದ್ದಾಗಲೇ ತೀರಿಕೊಂಡಿತು.

ಇದನ್ನು ಓದುವಾಗ ನನಗೆ ನಮ್ಮ ಅಂಕಿತದ ಪದ್ಧತಿ ನೆನಪಾಯಿತು. ಇವರ ಸಮಕಾಲೀನರು ನಮ್ಮ ಹರಿದಾಸ ಪರಂಪರೆಯ ಹರಪನಹಳ್ಳಿ ಭೀಮವ್ವ. ‘ಭೀಮೇಶಕೃಷ್ಣ’ ಎಂಬ ಅಂಕಿತ ಹಾಡಿನ ಒಡಲಿನಲ್ಲಿಯೇ ಇದೆ. ಬಾಯಿಂದ ಬಾಯಿಗೆ ಹೋಗಲಿ, ಅಚ್ಚುಕೂಟಕ್ಕೆ ಹೋಗಲಿ, ಅದನ್ನು ಕಿತ್ತರೆ ಹಾಡೇ ಕುಂಟುತ್ತದೆ. ಸುವಾರ್ತಾಗೀತೆಗೆ ಆ ರಕ್ಷಣೆ ಇಲ್ಲ. ಹೆಸರು ಹಾಡಿನ ಹೊರಗೆ, ಪುಟದ ಮೂಲೆಯಲ್ಲಿ, ಸಣ್ಣ ಅಕ್ಷರದಲ್ಲಿ. ಜಾಗ ಸಾಲದಿದ್ದರೆ ಮೊದಲು ಹೋಗುವುದು ಅದೇ.

ಆಲ್ಟೋಸಾಲು ಅವರ ಕೂಟದ ಹಿರಿಯರ ಮಾತಿಗೂ ಇಲ್ಲಿ ಉತ್ತರವಿದೆ. ಅಂಕಿತ ದೇವರ ಹೆಸರೇ. ಆದರೂ ಅದರಿಂದ ಹಾಡಿದವರು ಯಾರೆಂದು ತಿಳಿಯುತ್ತದೆ. ಎರಡಕ್ಕೂ ಜಗಳವಿಲ್ಲ.

ಅಚ್ಚುಮೊಳೆ:

ಹಳೆಪುಟ ಅವರೇ, ಅಂಕಿತದ ಮಾತು ಚೆನ್ನಾಗಿದೆ. ಆದರೆ ಪ್ರಕಾಶಕರ ಕಡೆಯನ್ನೂ ಸ್ವಲ್ಪ ಹೇಳಲು ಬಿಡಿ. ಆ ಕಾಲದಲ್ಲಿ ಪದ್ಯವನ್ನು ಒಂದೇ ಸಲ ಹಣ ಕೊಟ್ಟು ಕೊಳ್ಳುವುದು ಸಾಮಾನ್ಯ ರೂಢಿ. ಇವರೊಬ್ಬರಿಗೇ ಮಾಡಿದ ಅನ್ಯಾಯವಲ್ಲ. ಇವರ ಹಾಡುಗಳನ್ನು ಅಷ್ಟು ಸಂಖ್ಯೆಯಲ್ಲಿ ಕೊಂಡು, ಅಚ್ಚು ಹಾಕಿ, ಊರೂರಿಗೆ ಮುಟ್ಟಿಸುವವರು ಇಲ್ಲದಿದ್ದರೆ ನಿಮ್ಮ ಅಜ್ಜಿಯ ಪುಸ್ತಕದವರೆಗೆ ಅವು ಬರುತ್ತಿರಲಿಲ್ಲ. ಸುವಾರ್ತೆ ಸಾರುತ್ತಿದ್ದ ಮೂಡಿ ಮತ್ತು ಅವರ ಜೊತೆಯ ಗಾಯಕ ಸ್ಯಾಂಕಿ ಅವರ ಸಭೆಗಳು ಇನ್ನೊಂದು ದೊಡ್ಡ ದಾರಿ. ಸ್ಯಾಂಕಿ ಹಾರ್ಮೋನಿಯಂ ಮುಂದೆ ಕುಳಿತು ಹಾಡಿದ ಹಾಡು ಮರುದಿನ ಬೀದಿಯಲ್ಲಿ ಕೇಳಿಸುತ್ತಿತ್ತು. 1875ರಿಂದ ಅವರ ‘ಗಾಸ್ಪೆಲ್ ಹಿಮ್ಸ್’ ಪುಸ್ತಕಗಳ ಸರಣಿ ಹೊರಟದ್ದೂ ಬಿಗ್ಲೋ ಅಂಡ್ ಮೇನ್ ಮತ್ತು ಇನ್ನೊಂದು ಸಂಸ್ಥೆಯ ಜಂಟಿ ಪ್ರಕಟಣೆಯಾಗಿ.

ಸೊಪ್ರಾನೋ ಮಗಳು:

ಅಣ್ಣಾ, ರೂಢಿ ಎಂದ ಮಾತ್ರಕ್ಕೆ ಸರಿಯಾಗುತ್ತದೆಯೇ? ಭಕ್ತಿಗೀತೆಗಿಂತ ಮೊದಲಿನ ಒಂದು ಲೆಕ್ಕ ಕೇಳಿ. ಜಾರ್ಜ್ ರೂಟ್ ಎಂಬ ಸಂಗೀತಗಾರರು ಅಂಧರ ಶಾಲೆಯಲ್ಲಿ ಸಂಗೀತ ಕಲಿಸುತ್ತಿದ್ದರು. ಅವರ ರಾಗಗಳಿಗೆ ಫ್ಯಾನಿ ಪದ ಬರೆದರು. ಅವುಗಳಲ್ಲಿ ‘ರೋಸಲೀ, ದಿ ಪ್ರೇರಿ ಫ್ಲವರ್’ ಎಂಬುದು 1850ರ ದಶಕದಲ್ಲಿ ಮನೆಮಾತಾಯಿತು. ರೂಟ್ ಅವರಿಗೆ ಆ ಒಂದೇ ಹಾಡಿನ ಗೌರವಧನ ಸುಮಾರು ಮೂರು ಸಾವಿರ ಡಾಲರ್ ಬಂತು. ಪದ ಬರೆದವರಿಗೆ ಹಾಡೊಂದಕ್ಕೆ ಒಂದೋ ಎರಡೋ ಡಾಲರ್. ಅಂದರೆ ಪ್ರತಿಫಲ ಕೊಡುವ ಪದ್ಧತಿ ಆಗಲೂ ಇತ್ತು, ಆದರೆ ಅದು ರಾಗದವರಿಗೆ ಮಾತ್ರ. ‘ಆಗಿನ ಕಾಲವೇ ಹಾಗೆ’ ಎಂದು ಮುಚ್ಚಿಬಿಡಲು ಆಗುವುದಿಲ್ಲ.

ಇನ್ನೊಂದು, ಅವರು ತಮ್ಮ ಹೆಚ್ಚಿನ ಬದುಕನ್ನು ಕಳೆದದ್ದು ಮ್ಯಾನ್‌ಹಟನ್‌ನ ಬಡವರ ಕೇರಿಗಳ ಬಾಡಿಗೆ ಕೋಣೆಗಳಲ್ಲಿ. ಕೈಗೆ ಬಂದದ್ದನ್ನು ಕೊಟ್ಟುಬಿಡುತ್ತಿದ್ದರು, ಅದು ನಿಜ. ಬವರಿ ಬೀದಿಯ ಮಿಷನ್‌ಗಳಲ್ಲಿ ಕುಡಿತಕ್ಕೆ ಬಿದ್ದವರ ನಡುವೆ, ಕೆಲಸ ಕಳೆದುಕೊಂಡವರ ನಡುವೆ ಸಂಜೆಗಳನ್ನು ಕಳೆಯುತ್ತಿದ್ದರು. ‘ರೆಸ್ಕ್ಯೂ ದಿ ಪೆರಿಶಿಂಗ್’ ಹುಟ್ಟಿದ್ದು ಅಂಥ ಒಂದು ಕೂಟದಲ್ಲಿ, 1869ರಲ್ಲಿ. ತಾಯಿಯ ಮನೆ ಬಿಟ್ಟು ಅಲೆಯುತ್ತಿರುವ ಹುಡುಗ ಇಲ್ಲಿ ಯಾರಾದರೂ ಇದ್ದಾನೆಯೇ ಎಂದು ಕೇಳಿದರು, ಒಬ್ಬ ಎದ್ದು ಬಂದ, ಆ ರಾತ್ರಿ ಮಲಗುವ ಮೊದಲು ಹಾಡು ಸಿದ್ಧವಾಗಿತ್ತು. ಹಂಚಿದ್ದು ಅವರ ದೊಡ್ಡ ಗುಣ. ಆದರೆ ಕೊಡುವವರ ದೊಡ್ಡ ಗುಣವನ್ನು ತೋರಿಸಿ ಕೊಳ್ಳುವವರ ಲೆಕ್ಕವನ್ನು ಸರಿ ಎನ್ನಬಾರದು.

ಹಳೆಪುಟ:

ಈ ಜಗಳ ನಮ್ಮದಷ್ಟೇ ಅಲ್ಲ, 1903ರಲ್ಲಿ ಅಲ್ಲಿಯೂ ನಡೆಯಿತು. ಕವಿ ವಿಲ್ ಕಾರ್ಲ್‌ಟನ್ ಅವರು ಕ್ರಾಸ್ಬಿ ಅವರ ಜೀವನಕಥೆಯನ್ನು ಪ್ರಕಟಿಸಿದರು. ಪ್ರತಿ ಮಾರಾಟವಾದ ಹಾಗೆ ಅವರಿಗೆ ಸಹಾಯವಾಗುತ್ತದೆ ಎಂಬ ಮಾತು ಜಾಹೀರಾತಿನಲ್ಲಿತ್ತು. ಎಂಬತ್ತು ದಾಟಿದ ಹಾಡುಗಾರ್ತಿಗೆ ನೆಲೆಯೇ ಇಲ್ಲವೇನೋ ಎಂದು ಓದುಗರಿಗೆ ಅನ್ನಿಸುವ ಹಾಗಿತ್ತು. ಬಿಗ್ಲೋ ಅಂಡ್ ಮೇನ್‌ನವರಿಗೂ ಸ್ಯಾಂಕಿ, ಡೋನ್ ಅವರಿಗೂ ತುಂಬಾ ಕೋಪ ಬಂತು. ಮೊಕದ್ದಮೆಯ ಮಾತೂ ಎದ್ದಿತು. ಕಾರ್ಲ್‌ಟನ್ ಪರ ನಿಂತವರು ಫೀಬಿ ನ್ಯಾಪ್, ‘ಬ್ಲೆಸ್ಡ್ ಅಶ್ಯೂರೆನ್ಸ್’ನ ರಾಗದವರು. ಸಂಸ್ಥೆ ಕ್ರಾಸ್ಬಿ ಅವರಿಗೆ ಸರಿಯಾಗಿ ಹಣ ಕೊಡಲಿಲ್ಲ ಎಂಬುದೇ ನ್ಯಾಪ್ ಅವರ ವಾದ.

ಕ್ರಾಸ್ಬಿ ಅವರೇ ಪ್ರಕಾಶಕರ ಪರವಾಗಿ ಮಾತನಾಡಿದರು. ತಾನು ಬೇಡುವ ಸ್ಥಿತಿಯಲ್ಲಿಲ್ಲ, ಯಾರ ಮೇಲೂ ದೂರಿಲ್ಲ ಎಂದರು. 1900ರಲ್ಲಿ ಅವರು ಬ್ರಿಜ್‌ಪೋರ್ಟ್‌ಗೆ ಹೋಗಿ ನೆಲೆಸಿದ ಮೇಲೆ ಸಂಸ್ಥೆ ವಾರಕ್ಕೆ ಎಂಟು ಡಾಲರ್ ಕೊಡುತ್ತಿತ್ತು, ಹಾಡು ಬರಲಿ ಬಿಡಲಿ. ಸ್ಯಾಂಕಿ ಮನೆಯ ಬಾಡಿಗೆಗೆ ನೆರವಾದರು. 1906ರಲ್ಲಿ ಅವರ ಸ್ವಂತ ಆತ್ಮಕಥೆ ‘ಮೆಮೊರೀಸ್ ಆಫ್ ಎಯ್ಟಿ ಇಯರ್ಸ್’ ಬಂತು.

ಬೆರಳಕಣ್ಣು:

ದೂರಿಲ್ಲ ಎಂದರು, ಅದನ್ನು ಗೌರವಿಸೋಣ. ಆಕೆ ಬುದ್ಧಿವಂತೆ, ತನ್ನ ಬದುಕನ್ನು ತಾನೇ ಆರಿಸಿಕೊಂಡವರು. ‘ಪಾಪ, ಕಣ್ಣಿಲ್ಲದ ಮುದುಕಿಯನ್ನು ಮೋಸ ಮಾಡಿದರು’ ಎಂಬ ಚಿತ್ರ ಅವರಿಗೆ ಎಷ್ಟು ಅವಮಾನವೆನಿಸಿರಬೇಕು! ಇಪ್ಪತ್ತಮೂರರ ವಯಸ್ಸಿಗೇ ವಾಷಿಂಗ್ಟನ್‌ಗೆ ಹೋಗಿ ಶಾಸಕರ ಮುಂದೆ ಅಂಧರ ಶಿಕ್ಷಣಕ್ಕಾಗಿ ಪದ್ಯ ಓದಿದವರು ಅವರು. ಆ ಕನಿಕರವನ್ನು ತಳ್ಳಿಹಾಕಲೆಂದೇ ಹಾಗೆ ಹೇಳಿರಬೇಕು ಎಂದು ನನ್ನ ಎಣಿಕೆ. ನಮ್ಮಂಥವರು ದಿನವೂ ಅದನ್ನು ಮಾಡುತ್ತೇವೆ. ನ್ಯಾಯ ಬೇಕು ಎಂದರೆ ಕನಿಕರ ಸಿಗುತ್ತದೆ, ಕನಿಕರ ಬೇಡ ಎಂದರೆ ನ್ಯಾಯದ ಮಾತೇ ನಿಂತುಹೋಗುತ್ತದೆ.

ಸೊಪ್ರಾನೋ ಮಗಳು:

ಗುರುಗಳೇ, ನಾನು ಬರೆದದ್ದರಲ್ಲಿಯೂ ಆ ಕನಿಕರ ಇಣುಕಿದೆ. ತಿದ್ದಿಕೊಳ್ಳುತ್ತೇನೆ. ಹಣದ ಲೆಕ್ಕದ ಮಾತನ್ನು ಮಾತ್ರ ಹಿಂತೆಗೆದುಕೊಳ್ಳುವುದಿಲ್ಲ.

ಅಚ್ಚುಮೊಳೆ:

ಒಪ್ಪಿದೆ, ತಂಗಿ. ರೂಟ್ ಅವರ ಲೆಕ್ಕ ನನಗೆ ಗೊತ್ತಿರಲಿಲ್ಲ. ಅದು ಗೊತ್ತಾದ ಮೇಲೆ ರೂಢಿಯ ಮಾತು ಸಾಲದು.

ಸೇರಿಸಬೇಕಾದ ಇನ್ನೊಂದು ವಿಷಯ, ಕೊಂಡ ಹಾಡೆಲ್ಲ ಅಚ್ಚಾಗಲಿಲ್ಲ. ಸಾವಿರಾರು ಹಾಡುಗಳು ಹಸ್ತಪ್ರತಿಯಾಗಿಯೇ ಸಂಸ್ಥೆಯ ಕಪಾಟಿನಲ್ಲಿ ಉಳಿದವು. ಬಿಗ್ಲೋ ಅಂಡ್ ಮೇನ್ ಅನ್ನು 1922ರಲ್ಲಿ ಶಿಕಾಗೋದ ಹೋಪ್ ಪಬ್ಲಿಷಿಂಗ್ ಕೊಂಡುಕೊಂಡಾಗ ಆ ಕಾಗದಗಳೂ ಕೈ ಬದಲಾದವು. 1977ರಲ್ಲಿ ಡೊನಾಲ್ಡ್ ಹಸ್ಟಡ್ ಅವುಗಳಿಂದ 120 ಹಾಡುಗಳನ್ನು ಆಯ್ದು ಪುಸ್ತಕವಾಗಿ ತಂದರು. ಬರೆದವರು ತೀರಿಕೊಂಡು 62 ವರ್ಷದ ಮೇಲೆ! ಒಬ್ಬ ಅಚ್ಚಿನವನ ಮಗನಾಗಿ ನನಗೆ ಇದು ತುಂಬಾ ಬೇಸರದ ಸಂಗತಿ. ಕೊಂಡರು, ಇಟ್ಟರು. ಇನ್ನೊಬ್ಬರಿಗೆ ಕೊಡುವ ಹಕ್ಕು ಆಕೆಗೆ ಉಳಿದಿರಲಿಲ್ಲ.

ಅಚ್ಚಾದ ಹಾಡಿಗೂ ಅದೃಷ್ಟ ಬೇಕು. ‘ಟು ಗಾಡ್ ಬಿ ದಿ ಗ್ಲೋರಿ’ 1875ರಲ್ಲಿ ರಾಗಕಾರ ರಾಬರ್ಟ್ ಲೋರಿ ಮತ್ತು ಡೋನ್ ಸೇರಿ ತಂದ ಪುಸ್ತಕದಲ್ಲಿ ಬಂತು. ಸ್ಯಾಂಕಿ ಅದನ್ನು ಬ್ರಿಟನ್ನಿಗೆ ಒಯ್ದರು, ಅಲ್ಲಿ ಉಳಿಯಿತು. ಅಮೆರಿಕದಲ್ಲಿ ಹೆಚ್ಚುಕಡಿಮೆ ಮರೆತೇಹೋಯಿತು. 1954ರಲ್ಲಿ ಅಮೆರಿಕದ ಸುವಾರ್ತಾ ಬೋಧಕ ಬಿಲ್ಲಿ ಗ್ರಹಾಂ ಲಂಡನ್ನಿನ ಹ್ಯಾರಿಂಗೇ ಸಭೆಗಳಿಗೆ ಹೋದಾಗ ಅಲ್ಲಿನ ಜನ ಹಾಡುವುದನ್ನು ಕೇಳಿ, ಅದೇ ವರ್ಷ ನ್ಯಾಶ್‌ವಿಲ್‌ನ ಸಭೆಯಲ್ಲಿ ಹಾಡಿಸಿದರು. ತನ್ನ ಊರಿಗೆ ಮರಳಲು ಒಂದು ಹಾಡಿಗೆ ಎಪ್ಪತ್ತೊಂಬತ್ತು ವರ್ಷ ಹಿಡಿಯಿತು.

ಆಲ್ಟೋಸಾಲು:

ಇಷ್ಟೆಲ್ಲ ತಿಳಿದ ಮೇಲೆ ಪುಸ್ತಿಕೆಯ ಬಗ್ಗೆಯೇ ಒಂದು ಹೆದರಿಕೆ ಬಂತು. ನಾವು ಹೀಗೆ ಟೈಪ್ ಮಾಡಿ ಹಂಚಬಹುದೇ? ಹಕ್ಕಿನ ವಿಷಯ ಯಾರಿಗಾದರೂ ಗೊತ್ತೇ?

ಹಳೆಪುಟ:

ಮೂಲ ಇಂಗ್ಲಿಷ್ ಹಾಡಿಗೆ ತೊಂದರೆಯಿಲ್ಲ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಬರೆದವರ ಜೀವಮಾನ ಮತ್ತು ಅವರು ತೀರಿಕೊಂಡ ಮರುವರ್ಷದಿಂದ ಅರವತ್ತು ವರ್ಷ. ಆ ಲೆಕ್ಕದಲ್ಲಿ ನೋಡಿದರೂ 1915ರಲ್ಲಿ ತೀರಿಕೊಂಡವರ ಪದಗಳು ಎಂದೋ ಎಲ್ಲರವಾಗಿವೆ. ಡೋನ್, ನ್ಯಾಪ್ ಅವರ ರಾಗಗಳೂ ಹಾಗೆಯೇ.

ಎಚ್ಚರ ಬೇಕಾದದ್ದು ಕನ್ನಡ ಪಾಠಕ್ಕೆ. ಅನುವಾದಕ್ಕೆ ಅದರದೇ ಹಕ್ಕು ಇದೆ, ಅದು ಅನುವಾದಕರ ಜೀವಮಾನದಿಂದ ಲೆಕ್ಕ. ನಿಮ್ಮ ಅಜ್ಜಿಯ ಪುಸ್ತಕದ ಅನುವಾದ ತುಂಬಾ ಹಳೆಯದಾದರೆ ಮುಗಿದಿರಬಹುದು, ಆಮೇಲೆ ಯಾರಾದರೂ ತಿದ್ದಿದ ಪಾಠವಾದರೆ ಮುಗಿದಿರಲಿಕ್ಕಿಲ್ಲ. ಪುಸ್ತಕ ಪ್ರಕಟಿಸಿದವರಿಗೆ ಒಂದು ಪತ್ರ ಬರೆಯಿರಿ. ಹದಿನಾಲ್ಕು ಜನರ ಕೂಟಕ್ಕೆ ಯಾರೂ ಬೇಡ ಎನ್ನುವುದಿಲ್ಲ. ಆ ಪತ್ರದಲ್ಲಿಯೇ ಅನುವಾದಕರ ಹೆಸರನ್ನೂ ಕೇಳಿ. ಕ್ರಾಸ್ಬಿ ಅವರ ಹೆಸರನ್ನು ನೀವು ಒಂದು ಸಂಜೆಯಲ್ಲಿ ಕಂಡುಕೊಂಡಿರಿ. ಕನ್ನಡಕ್ಕೆ ತಂದವರದು ಅಷ್ಟು ಸುಲಭವಲ್ಲ, ಮತ್ತು ನಾವು ಹಾಡುವುದು ಅವರ ಪದಗಳನ್ನು.

ಛಂದೋಪ್ರಿಯ:

ಈ ಕೊನೆಯ ಮಾತು ಬಹಳ ದೊಡ್ಡದು. ಇಂಗ್ಲಿಷಿನ ರಾಗಕ್ಕೆ ಕನ್ನಡ ಪದ ಕೂರಿಸುವುದು ಮೂಲಕ್ಕಿಂತ ಕಷ್ಟ. ಅಲ್ಲಿ ಒಂದು ಸ್ವರಕ್ಕೆ ಒಂದು ಪುಟ್ಟ ಪದ ಮುಗಿದುಹೋಗುತ್ತದೆ. ನಮ್ಮಲ್ಲಿ ವಿಭಕ್ತಿ ಸೇರಿ ಪದ ಉದ್ದವಾಗುತ್ತದೆ, ಕೊನೆಯ ಸ್ವರ ಬೀಳುವ ಕಡೆ ಕ್ರಿಯಾಪದದ ಬಾಲ ಬಂದು ಕೂರುತ್ತದೆ. ಅದನ್ನು ಹಾಡುವಂತೆ ಮಾಡಿದವರು ಪಂಡಿತರೇ. ಯಾರೋ ಉಪದೇಶಿ, ಯಾರೋ ಶಾಲೆಯ ಮೇಷ್ಟ್ರು, ಬಹುಶಃ ಯಾರೋ ಹೆಂಗಸು.

ಆಲ್ಟೋಸಾಲು:

ಪತ್ರ ಬರೆದಿದ್ದೇನೆ. ಉತ್ತರಕ್ಕೆ ಕಾಯುತ್ತಿದ್ದೇನೆ.

ಮೊನ್ನೆ ಗುರುವಾರದ ಕೂಟದಲ್ಲಿ ನೀವೆಲ್ಲ ಬರೆದದ್ದನ್ನು ನನ್ನ ಮಾತಿನಲ್ಲಿ ಹೇಳಿದೆ. ಬ್ರಿಜ್‌ಪೋರ್ಟ್‌ನ ಗೋರಿಯ ಸಂಗತಿಯನ್ನೂ ಹೇಳಿದೆ. ಸಣ್ಣ ಕಲ್ಲು ಸಾಕು ಎಂದು ಅವರೇ ಹೇಳಿದ್ದರಂತೆ. ಅದರ ಮೇಲೆ ‘ಆಂಟ್ ಫ್ಯಾನಿ’ ಎಂದು ಬರೆದು, ಮಾರ್ಕನ ಸುವಾರ್ತೆಯ ಹದಿನಾಲ್ಕನೆಯ ಅಧ್ಯಾಯದಲ್ಲಿ ತೈಲದ ಭರಣಿ ತಂದ ಹೆಂಗಸಿನ ಬಗ್ಗೆ ಯೇಸು ಆಡಿದ ಮಾತನ್ನು ಕೆತ್ತಿದ್ದಾರೆ: ತನ್ನಿಂದ ಆದದ್ದನ್ನು ಆಕೆ ಮಾಡಿದಳು. 1955ರಲ್ಲಿ ಜನ ಪಕ್ಕದಲ್ಲಿ ದೊಡ್ಡ ಕಲ್ಲು ನಿಲ್ಲಿಸಿ ‘ಬ್ಲೆಸ್ಡ್ ಅಶ್ಯೂರೆನ್ಸ್’ನ ಚರಣವನ್ನು ಕೆತ್ತಿಸಿದರು.

ಹೆಸರು ಯಾತಕ್ಕೆ ಎಂದಿದ್ದ ಹಿರಿಯರು ಏನೂ ಹೇಳಲಿಲ್ಲ. ಕೂಟ ಮುಗಿದು ಚಾಪೆ ಮಡಿಸುವಾಗ ಹತ್ತಿರ ಬಂದು, ‘ಆ ಇನ್ನೂರು ಹೆಸರಿನಲ್ಲಿ ಯಾವುದನ್ನು ಹಾಕುತ್ತೀಯಮ್ಮ?’ ಎಂದು ಕೇಳಿದರು. ಫ್ಯಾನಿ ಕ್ರಾಸ್ಬಿ ಎಂದೇ ಹಾಕುತ್ತೇನೆ ಎಂದೆ. ‘ದೊಡ್ಡ ಅಕ್ಷರದಲ್ಲಿ ಹಾಕು, ನನಗೂ ಕಾಣಬೇಕು’ ಎಂದರು.

ಈಗ ಪುಟ ಹೀಗೆ ಬರುತ್ತದೆ. ಮೇಲೆ ಕನ್ನಡದ ಮೊದಲ ಸಾಲು. ಹಾಡು ಹದಿನೆಂಟು ಪಾಯಿಂಟಿನ ದೊಡ್ಡ ಅಕ್ಷರದಲ್ಲಿ. ಕೆಳಗೆ ಮೂರು ಸಾಲು: ಪದ, ಫ್ಯಾನಿ ಕ್ರಾಸ್ಬಿ, 1873. ರಾಗ, ಫೀಬಿ ನ್ಯಾಪ್. ಕನ್ನಡಕ್ಕೆ ತಂದವರು, ಎಂದು ಬರೆದು ಮುಂದೆ ಜಾಗ ಖಾಲಿ ಬಿಟ್ಟಿದ್ದೇನೆ. ಉತ್ತರ ಬಂದರೆ ಪೆನ್ನಿನಲ್ಲಿ ತುಂಬುತ್ತೇವೆ, ಹದಿನಾಲ್ಕು ಪ್ರತಿಯಲ್ಲಿಯೂ.